ಕಂಡೆನ್ಸರಿಗೆ ಮುಡಿಸಿದ ಚೆಂಡುಹೂವು

೫ ಏಪ್ರಿಲ್ ೨೦೦೬, ಬುಧವಾರ

ಇಲ್ಲಿ ಮಾತ್ರ ಒಪ್ಪಿಕೊಳ್ಳುತ್ತೇನೆ, ತಪ್ಪು ನನ್ನದೇ. ನನ್ನ ಅರವತ್ತೆಂಟರ ಮಾಡೆಲ್ ಅಂಬಾಸಿಡರ್ ಕಾರಿಗೆ ಆಸೆಪಟ್ಟು ಹಾಕಿಸಿದ ಎ.ಸಿ. ಯುಗಾದಿಯಿಂದ ಬಿಸಿಗಾಳಿ ಊದುತ್ತಿತ್ತು. ಇದಕ್ಕಿಂತ ಆಟೋನೇ ವಾಸಿ ಎಂದು ಹೆಂಡತಿ ಪುಟ್ಟಲಕ್ಷ್ಮಿ ದಿನಾ ಚುಚ್ಚುತ್ತಿದ್ದಳು. ಗ್ಯಾಸ್ ಸೋರಿದೆ ಎಂದು ನಾನೇ ತೀರ್ಮಾನಿಸಿ ಇವತ್ತು ಮೆಕ್ಯಾನಿಕ್ ನಯಾಜ್ ಹತ್ತಿರ ಒಯ್ದೆ. ಅವನು ಮುಂದಿನ ಜಾಲರಿ ಬಿಚ್ಚಿದರೆ, ಎ.ಸಿ.ಯ ಬಿಸಿ ಹೊರಹಾಕುವ ಕಂಡೆನ್ಸರಿಗೆ ಗಾಳಿಯೇ ತಾಗದಂತೆ ಒಣಗಿದ ಚೆಂಡುಹೂವಿನ ಎಸಳು! ಆಯುಧಪೂಜೆಗೆ ಮೂರು ಹಾರ ಹಾಕಿ, ಅವು ಉದುರುವವರೆಗೂ ತೆಗೆಯದೆ ಓಡಿಸಿದವನು ನಾನು.

"ಗ್ಯಾಸ್ ಕಮ್ಮಿ ಆಗಿಲ್ಲ ಸಾರ್, ಭಕ್ತಿ ಜಾಸ್ತಿ ಆಗಿದೆ," ಎಂದು ಬ್ರಶ್ ಹಿಡಿದು ಕೂತ.

ಸಂಜೆ ಪುಟ್ಟಲಕ್ಷ್ಮಿಯನ್ನು ಕೂರಿಸಿಕೊಂಡು ಹೊರಟೆ. ಮಾಗಡಿ ರಸ್ತೆ ದಾಟುವಷ್ಟರಲ್ಲಿ ಸೆರಗು ಹೊದ್ದುಕೊಂಡು, "ಚಳಿ ಕಣ್ರೀ, ಸ್ವಲ್ಪ ಕಮ್ಮಿ ಮಾಡಿ," ಎಂದಳು.

ಕೇಳಿಸದವನ ಹಾಗೆ ಇನ್ನೊಂದು ಸಲ ಹೇಳಿಸಿದೆ.