ಸಪ್ಪಲಮ್ಮನ ಚಿತ್ರ ಎಲ್ಲಿ, ಕುಲಸಚಿವರೇ?

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ಡಿಜಿಟಲ್ ಚಿತ್ರಭಂಡಾರದಿಂದ ನಮ್ಮೂರ ದೇವತೆ ಸಪ್ಪಲಮ್ಮನ ಫೋಟೋ ಕಾಣೆಯಾಗಿದೆ. ಒಂದು ಫೋಟೋಗೆ ಇಷ್ಟು ರಂಪವೇ ಎಂದು ನೀವು ಕೇಳಬಹುದು. ನಿಮ್ಮ ಭಂಡಾರದಿಂದ ಒಂದು ಚಿತ್ರ ಹೋದರೆ, ಅದರ ಬೆನ್ನಿಗೇ ಚಿತ್ರದಲ್ಲಿದ್ದ ವಸ್ತುವೂ ನೆಲದ ಮೇಲಿಂದ ಹೋಗುತ್ತದೆ. ಇದನ್ನು ನಾನು ಎರಡು ಸಲ ಕಣ್ಣಾರೆ ನೋಡಿದ್ದೇನೆ. ಮೂರನೆಯದನ್ನು ನೋಡುವ ಮೊದಲೇ ಬರೆಯುತ್ತಿದ್ದೇನೆ.

ನಾನು ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ ಮಾಡುವವಳು. ನಿಮ್ಮ ಹಿಂಬದಿಯ ಕಾಂಪೌಂಡಿಗೆ ಅಂಟಿಕೊಂಡಿರುವ ಬೈರದೇವನಪಾಳ್ಯದ ಸೊಸೆ. ದನಕರು ಕಾಯುವ ಸಪ್ಪಲಮ್ಮನೆಂದರೆ ನಮ್ಮಲ್ಲಿ ಹೊಂಗೆಮರದ ಪಕ್ಕದ ಬಯಲಿನ ಏಳು ಕಲ್ಲು. ಅವಳಿಗೆ ಗುಡಿ ಕಟ್ಟುವಂತಿಲ್ಲ, ನೆತ್ತಿಯ ಮೇಲೆ ಮಾಡು ಬರುವಂತಿಲ್ಲ. ಮಂಗಳವಾರ ಕಲ್ಲುಗಳಿಗೆ ಅರಿಶಿನ ಬಳಿದು ತಂಬಿಟ್ಟಿನ ದೀಪ ಹಚ್ಚುವುದು ನಮ್ಮ ಮನೆಯ ಪಾಲಿಗೆ ಬಂದ ಸೇವೆ. ಅದನ್ನು ನಡೆಸಿಕೊಂಡು ಬಂದವರು ನನ್ನ ಅತ್ತೆ ನರಸಮ್ಮ.

ವಿಮಾನಗಳು ಇಳಿಯತೊಡಗಿದ ಮೇಲೆ ನಮ್ಮ ಹೊಲಗಳಿಗೆ ಒಮ್ಮೆಲೇ ಘನತೆ ಬಂತಲ್ಲ, ಆಗಲೇ ನಿಮಗೂ ಜಮೀನು ಬೇಕಾಯಿತು. ಊರಿನವರು ಕೊಡಲು ಒಪ್ಪಿದರು. ಬರೆದುಕೊಡುವ ಮುಂಚೆ, ಸಪ್ಪಲಮ್ಮನನ್ನು ಬೇರೆ ಕಡೆ ಕರೆದೊಯ್ಯಬಹುದೇ ಎಂದು ಹೂ ಕೇಳಿದರು. ಕಲ್ಲಿಗೆ ಅಂಟಿಸಿದ ಒದ್ದೆ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಎಡಕ್ಕೆ ಬಿತ್ತು. ಬೇರೆ ಯಾರಾದರೂ ಆಗಿದ್ದರೆ ಜಮೀನೇ ಕೊಡುವುದಿಲ್ಲ ಎನ್ನುತ್ತಿದ್ದರು, ಇಲ್ಲವೇ ವಕೀಲರನ್ನು ಹಿಡಿಯುತ್ತಿದ್ದರು. ನಮ್ಮವರು ಹೊಲ ಬರೆದುಕೊಟ್ಟು ದೇವರನ್ನು ಒಳಗೇ ಬಿಟ್ಟು ಬಂದರು. ಅವಳೇ ಹೋಗೊಲ್ಲ ಅಂದಮೇಲೆ ಅವಳನ್ನು ಎಬ್ಬಿಸುವವರು ಯಾರು ಎಂಬ ಧೈರ್ಯ! ಇಂಥ ತಪ್ಪು ಮಾಡಲು ನಮ್ಮೂರಿನವರೇ ಆಗಬೇಕು.

ಆಗ ನಿಮ್ಮ ಕುರ್ಚಿಯಲ್ಲಿದ್ದವರು ಬಹಳ ಒಳ್ಳೆಯ ಮಾತುಗಾರರು. ನಾನೂ ಅಲ್ಲಿದ್ದೆ. "ಒಂದ್ ಕಾಗ್ದದಲ್ಲಿ ಬರ್ಕೊಡಿ ಸ್ವಾಮಿ, ಮಂಗ್ಳಾರ ಪೂಜೆಗೆ ಬಾಗ್ಲು ತೆಗೀತೀವಿ ಅಂತ" ಎಂದು ಅತ್ತೆ ಕೇಳಿದರು.

"ಕಾಗದ ಯಾಕಮ್ಮಾ, ಗೆದ್ದಲು ತಿನ್ನುತ್ತೆ. ನೀವು ದೇವರ ಹತ್ರ ನಿಂತ್ಕೊಳ್ಳಿ. ಫೋಟೋ ತೆಗೆಸಿ ಕಂಪ್ಯೂಟರಿಗೆ ಹಾಕಿಸ್ತೀನಿ. ಇಡೀ ಪ್ರಪಂಚಕ್ಕೇ ಕಾಣುತ್ತೆ" ಎಂದರು ಅವರು.

ಹಾಕಿಸಿದರು ಕೂಡ. ಒಂದು ಬದಿಗೆ ಏಳು ಕಲ್ಲು, ಇನ್ನೊಂದು ಬದಿಗೆ ಅವುಗಳತ್ತ ತಿರುಗಿ ಕೈ ಮುಗಿದು ನಿಂತ ಅತ್ತೆ. ಅಡಿಯಲ್ಲಿ ನಿಮ್ಮ ಕಲಾ ವಿಭಾಗದ ವಿದ್ವಾಂಸರು "ಬಯಲು ಶಿಲ್ಪ, ಕಲಾವಿದ: ಅಜ್ಞಾತ" ಎಂದು ಬರೆದಿದ್ದರು. ನಾವು ನಕ್ಕು ಸುಮ್ಮನಾದೆವು. ಹೆಸರು ತಪ್ಪಿದರೇನು, ಇರುವುದನ್ನು ಇದೆ ಎಂದು ಒಪ್ಪಿಕೊಂಡಿದ್ದೀರಲ್ಲ! ಒಂದು ಪ್ರತಿ ಕೇಳಿದ್ದಕ್ಕೆ, ಕಂಪ್ಯೂಟರಿನಲ್ಲೇ ಇದೆಯಲ್ಲ, ಬೇಕಾದಾಗ ನೋಡಿಕೊಳ್ಳಿ ಎಂದರು. ಆ ಮಾತು ನಂಬಿ ನಾವು ಬೇರೆ ಫೋಟೋ ಇಟ್ಟುಕೊಳ್ಳಲಿಲ್ಲ. ಸಪ್ಪಲಮ್ಮ ಅಲ್ಲಿದ್ದಾಳೆ, ನಮಗೆ ಅಲ್ಲಿ ಪೂಜೆಯ ಹಕ್ಕಿದೆ ಎನ್ನಲು ನಮಗಿದ್ದ ಸಾಕ್ಷಿ ಆ ಚಿತ್ರ ಒಂದೇ.

ಭಂಡಾರದಿಂದ ಮೊದಲು ಹೋದದ್ದು, ಹಿಂದೆ ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಚಿತ್ರ. "ಕ್ಯಾಂಪಸ್ ಇತಿಹಾಸ" ವಿಭಾಗದಲ್ಲಿ ಎಲ್ಲಕ್ಕಿಂತ ಮೇಲಿತ್ತು. ಒಂದು ದಿನ ಅದರ ಜಾಗದಲ್ಲಿ ಬರೀ ಬೂದು ಚೌಕ. ವೆಬ್‌ಸೈಟ್ ಕೆಟ್ಟಿರಬೇಕು ಎಂದುಕೊಂಡೆ. ಸ್ವಲ್ಪ ದಿನಕ್ಕೆ ಬಾವಿಗೆ ಟಿಪ್ಪರ್‌ಗಟ್ಟಲೆ ಮಣ್ಣು ಬಿತ್ತು. ಈಗ ಅದರ ಮೇಲೆ ಜನರೇಟರ್ ಕೋಣೆ. ಆಮೇಲಿನದು ಹಳೆಯ ಪಂಪ್‌ಹೌಸ್ ಗೋಡೆಯ ಮೇಲೆ ನಿಮ್ಮದೇ ವಿದ್ಯಾರ್ಥಿಗಳು ಬರೆದಿದ್ದ ರಾಗಿ ಕೊಯ್ಲಿನ ಚಿತ್ರ. ಅದರ ಫೋಟೋ ಹೋಯಿತು, ಬೂದು ಚೌಕ ಬಂತು, ಗೋಡೆ ಉರುಳಿತು. ಬಾವಿ ಎಲ್ಲಿ ಎಂದು ಕೇಳಿದವರಿಗೆ ನಿಮ್ಮ ಕಚೇರಿ ಕೊಟ್ಟ ಉತ್ತರ: "ಸದರಿ ಸ್ಥಳದಲ್ಲಿ ಬಾವಿ ಇದ್ದ ಬಗ್ಗೆ ನಮ್ಮ ಸಂಗ್ರಹದಲ್ಲಿ ಯಾವುದೇ ದಾಖಲೆ ಇರುವುದಿಲ್ಲ." ನಿಜವೇ ಸ್ವಾಮಿ. ಇಲ್ಲದಂತೆ ಮಾಡಿದವರಿಗಿಂತ ಚೆನ್ನಾಗಿ ಅದು ಇನ್ಯಾರಿಗೆ ಗೊತ್ತಿರುತ್ತದೆ?

ಯುಗಾದಿ ಕಳೆದ ಮೇಲೆ, ಮಂಗಳವಾರ ನಮಗೆ ತೆಗೆಯುತ್ತಿದ್ದ ಹಿಂಬಾಗಿಲು ಮುಚ್ಚಿತು. "ಮೇಂಟೆನೆನ್ಸ್ ಕಣಮ್ಮಾ, ಮೇಲಿಂದ ಆರ್ಡರ್ ಆಗೈತೆ" ಎಂದರು ಕಾವಲಿನವರು. ಹೊಂಗೆಮರದ ಸುತ್ತ ನೀಲಿ ತಗಡು ಎದ್ದಿತು. ಒಳಗೆ ಯಂತ್ರದ ಸದ್ದು. ನಮ್ಮ ತಾರಸಿಯಿಂದ ಮರದ ತಲೆ ಇವತ್ತು ಬೆಳಿಗ್ಗೆಯೂ ಕಾಣಿಸಿತು. ಬುಡದಲ್ಲಿ ಏನು ಉಳಿದಿದೆಯೋ ಗೊತ್ತಿಲ್ಲ. ಹೋದ ವಾರ ಭಂಡಾರ ತೆರೆದರೆ ಸಪ್ಪಲಮ್ಮನ ಜಾಗದಲ್ಲಿ ಬೂದು ಚೌಕ.

ಫೋನ್ ಮಾಡಿದೆ. ಭಂಡಾರ ನೋಡಿಕೊಳ್ಳುವಾಕೆ ಮರ್ಯಾದೆಯಿಂದಲೇ ಮಾತಾಡಿದರು. "ಡಿಲೀಟ್ ಆಗಿಲ್ಲ ಮೇಡಂ, ಎಡಿಟ್ ಮಾಡಿದ್ದಾರೆ ಅಷ್ಟೇ. 'ನಮ್ಮ ನೆರೆಹೊರೆ' ಅನ್ನೋ ಸೆಕ್ಷನ್ ನೋಡಿ." ನೋಡಿದೆ. ಫೋಟೋ ಇತ್ತು. ಕಲ್ಲುಗಳಿದ್ದ ಭಾಗವನ್ನು ಕತ್ತರಿಸಿ ಹಾಕಿದ್ದೀರಿ. ಅತ್ತೆಯೊಬ್ಬರೇ ಉಳಿದಿದ್ದಾರೆ, ಚಿತ್ರದ ಅಂಚಿಗೆ ಕೈ ಮುಗಿದುಕೊಂಡು. ಅಡಿಬರಹ: "ವಿಶ್ವವಿದ್ಯಾಲಯಕ್ಕೆ ಸ್ವಾಗತ ಕೋರುತ್ತಿರುವ ಸ್ಥಳೀಯ ಮಹಿಳೆ."

ಇದನ್ನು ಮಾಡಿದ ಕೈಗೆ ಒಂದಿಷ್ಟೂ ಅಳುಕಾಗಲಿಲ್ಲವೇ, ಕುಲಸಚಿವರೇ? ಬಾವಿಯನ್ನು ಇರಲೇ ಇಲ್ಲ ಎಂದಿರಿ, ಸಹಿಸಿಕೊಂಡೆವು. ಈಗ ನಮ್ಮ ದೇವರೂ ಇರಲಿಲ್ಲ, ಇದ್ದದ್ದು ನಿಮ್ಮನ್ನು ಕಂಡು ಧನ್ಯರಾದ ನಾವು ಮಾತ್ರ! ನಾಳೆ ನಾವು ನ್ಯಾಯ ಕೇಳಲು ಹೋದರೆ ನಮ್ಮ ಸಾಕ್ಷಿಯನ್ನೇ ನಮ್ಮ ಮುಖಕ್ಕೆ ಹಿಡಿಯುತ್ತೀರಿ, ಅಲ್ಲವೇ? ನನಗೆ ಕೋಪಕ್ಕಿಂತ ಭಯವೇ ಹೆಚ್ಚಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಅದೇ "ನಮ್ಮ ನೆರೆಹೊರೆ"ಯಲ್ಲಿ ನಮ್ಮ ಬೀದಿಯ ಚಿತ್ರವೂ ಇದೆ, ನಮ್ಮ ಮನೆಯ ಜಗುಲಿ ಕಾಣುವ ಹಾಗೆ. ಈಗೀಗ ಎದ್ದ ಕೂಡಲೇ ಅದು ಇನ್ನೂ ಇದೆಯೇ ಎಂದು ನೋಡುವುದು ನನಗೆ ಅಭ್ಯಾಸವಾಗಿದೆ.

ಅತ್ತೆಗೆ ಫೋನಿನಲ್ಲಿ ಚಿತ್ರ ತೋರಿಸಿ ಅಡಿಬರಹ ಓದಿ ಹೇಳಿದೆ. "ನಾನ್ ಕೈ ಮುಗ್ದಿದ್ದು ಇವ್ರಿಗಲ್ಲ ಕಣಮ್ಮಾ. ಅದನ್ನ ಬರಿ ಮೊದ್ಲು" ಎಂದರು. ಬರೆದಿದ್ದೇನೆ.

ಮೂಲ ಫೋಟೋವನ್ನು ಕಲ್ಲುಗಳ ಸಮೇತ ಇದ್ದ ಜಾಗಕ್ಕೆ ಹಾಕಿಸಿ. ಬರುವ ಮಂಗಳವಾರ ಹಿಂಬಾಗಿಲು ತೆಗೆಸಿ, ತಗಡು ಸರಿಸಿ. ಅತ್ತೆ ತಂಬಿಟ್ಟು ಹಿಡಿದು ಬರುತ್ತಾರೆ, ಅವರ ಹಿಂದೆ ಊರು ಬರುತ್ತದೆ. ಏಳು ಕಲ್ಲೂ ಇದ್ದರೆ ದೀಪ ಹಚ್ಚಿ ನಮ್ಮ ಪಾಡಿಗೆ ನಾವು ಹೊರಡುತ್ತೇವೆ. ಇಲ್ಲದಿದ್ದರೆ, ಅವು ಇದ್ದ ಜಾಗದಲ್ಲಿ ತಾವೇ ಬಂದು ನಿಂತಿರಿ. ಇಷ್ಟು ವರ್ಷ ಕೈ ಮುಗಿದವರು ಆ ದಿನ ತಮ್ಮ ಮುಖ ನೋಡಿ ಏನು ಮಾಡುತ್ತಾರೋ, ನನಗೂ ಗೊತ್ತಿಲ್ಲ.

ಇಂತಿ,
ತಮ್ಮನ್ನು ಎಂದೂ ಸ್ವಾಗತಿಸದ ಸ್ಥಳೀಯ ಮಹಿಳೆಯ ಸೊಸೆ,
ಶಾಮಲಾ
ಬೈರದೇವನಪಾಳ್ಯ, ದೇವನಹಳ್ಳಿ ತಾಲ್ಲೂಕು