ಹಗೇವಿಗೆ ಇಳಿಸಿದ ಮೇಣದಬತ್ತಿ

ಜಗಳೂರು ತಾಲ್ಲೂಕು
9-11-2025

ಪ್ರೀತಿಯ ಹೇಮಾವತಿ ಟೀಚರ್ ಅವರಿಗೆ,

ನಿಮ್ಮ ಏಳನೇ ತರಗತಿಯ ಉಚ್ಚಂಗಮ್ಮ ಮಾಡುವ ನಮಸ್ಕಾರ. ನೀವು ನ್ಯಾಮತಿಗೆ ವರ್ಗವಾಗಿ ಹೋಗುವಾಗ, ಯಾವ ಯಾವ ಪಾಠ ಆಯಿತು ಅಂತ ಕಾಗದ ಬರಿ ಅಂದಿದ್ರಿ. ತಡವಾಯಿತು, ಬೇಜಾರು ಮಾಡ್ಕೋಬೇಡಿ.

ಕನ್ನಡದಲ್ಲಿ ಸಂಧಿ ಮುಗಿದು ಸಮಾಸ ಶುರುವಾಗಿದೆ. ಸಮಾಜದಲ್ಲಿ ಮೂಲಭೂತ ಹಕ್ಕುಗಳು. ಇಂಗ್ಲಿಷಿಗೆ ಯಾರೂ ಬಂದಿಲ್ಲ, ಚಿತ್ತಪ್ಪ ಮೇಷ್ಟ್ರೇ ಗಣಿತದ ಜೊತೆ ಅದನ್ನೂ ಮಾಡ್ತಾರೆ. ಗಣಿತದಲ್ಲಿ ಪೂರ್ಣಾಂಕ ನಡೀತಿದೆ. ನೆಲ ಅಂದ್ರೆ ಸೊನ್ನೆ, ಕೆಳಗೆ ಇಳಿದಷ್ಟೂ ಮೈನಸ್ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಗುಂಡಿ ಬರೆದು, ಏಣಿ ಬರೆದು, ಇಳಿಯುವ ಮನುಷ್ಯನನ್ನೂ ಬರೆದರು. ನಾನು ಎದ್ದು ಹೊರಗೆ ಹೋಗಿಬಿಟ್ಟೆ. ಅವರಿಗೆ ಆಗ ನೆನಪಾಯಿತು. ಬೋರ್ಡ್ ಒರೆಸಿ, ಹೊರಗೆ ಬಂದು ನನ್ನ ಪಕ್ಕ ನಿಂತರು.

ಟೀಚರ್, ನಮ್ಮ ಓಬಣ್ಣ ಚಿಕ್ಕಪ್ಪ ತೀರಿಕೊಂಡ.

ದಸರಾ ರಜೆಯಲ್ಲಿ ಮನೆ ಮುಂದೆ ಒಂದು ಕೋಣೆ ಕಟ್ಟೋಣ ಅಂತ ಅಪ್ಪ, ಚಿಕ್ಕಪ್ಪ ಮಾತಾಡಿದರು. ಅಲ್ಲಿ ನೆಲದೊಳಗೆ ಆಳಕ್ಕೆ ತೋಡಿದ ಹಳೇ ಹಗೇವು ಇತ್ತು. ಮೊದಲೆಲ್ಲ ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚುತ್ತಿದ್ದರಂತೆ. ಅದನ್ನು ಮುಚ್ಚುವ ಮೊದಲು ತಳದ ಚಪ್ಪಡಿಗಳನ್ನು ಎತ್ತಿಕೊಳ್ಳಬೇಕಿತ್ತು. ಕಲ್ಲು ಸರಿಸಿದಾಗ ಮುಗ್ಗಿದ ಜೋಳದ ವಾಸನೆ ಬಂತು. ವಿಜ್ಞಾನದ ಪಾಠದಲ್ಲಿ ಗ್ಲಾಸು ಮುಚ್ಚಿ ದೀಪ ಆರಿಸಿ ತೋರಿಸಿದ್ರಲ್ಲ ನೀವು, ನನಗೆ ಅದೇ ತಲೆಗೆ ಬಂತು. ಬಕೆಟ್‌ನಲ್ಲಿ ಮೇಣದಬತ್ತಿ ಹಚ್ಚಿಟ್ಟು ಹಗ್ಗದಲ್ಲಿ ಇಳಿಸಿದೆ. ಹಗೇವಿನ ಕುತ್ತಿಗೆ ದಾಟುತ್ತಲೇ ಆರಿತು. ಮತ್ತೆ ಹಚ್ಚಿ ಇಳಿಸಿದೆ, ಮತ್ತೆ ಆರಿತು.

"ಇಳಿಬ್ಯಾಡ ಚಿಕ್ಕಪ್ಪ, ಒಳಗೆ ಉಸಿರಾಡಾಕೆ ಆಗಲ್ಲ" ಅಂದೆ.

ಗಾದ್ರಪ್ಪ ತಾತ ಕಟ್ಟೆ ಮೇಲಿಂದ, "ಗಾಳಿ ಬೀಸಿ ಆರೈತೆ ಬಿಡು. ನಾವೆಲ್ಲ ಇದರೊಳಗೆ ಇಳಿದು ಹತ್ತಿ ದೊಡ್ಡವರಾಗಿಲ್ವಾ?" ಅಂದ. ಚಿಕ್ಕಪ್ಪ ನಕ್ಕು, "ನಮ್ಮ ಟೀಚರಮ್ಮಂಗೆ ಹೆದರಿಕೆ" ಅಂತ ನನ್ನ ಜಡೆ ಎಳೆದು ಇಳಿದ. ಏಣಿಯ ಕೊನೆ ಮೆಟ್ಟಿಲಲ್ಲಿ ಕೈ ಬಿಟ್ಟ. ಕೂಗಿದರೆ ಓ ಅನ್ನಲಿಲ್ಲ.

ಅಪ್ಪ ಇಳಿಯೋಕೆ ಕಾಲು ಹಾಕಿದ. ನಾನು ಆ ಕಾಲು ತಬ್ಬಿಕೊಂಡು ಬಿದ್ದೆ. "ನನ್ನ ತಮ್ಮ ಕಣೇ, ಬಿಡೇ" ಅಂತ ಬೆನ್ನಿಗೆ ಗುದ್ದಿದ. ಕಚ್ಚಿದೆ ಟೀಚರ್, ಬಿಡಲಿಲ್ಲ. ಅವ್ವನೂ ಓಡಿಬಂದು ಅವನ ಸೊಂಟ ಹಿಡಿದಳು. ಅಪ್ಪ ಹಗೇವಿನ ಬಾಯಿಗೆ ಮುಖ ಇಟ್ಟು ಓಬಣ್ಣಾ ಓಬಣ್ಣಾ ಅಂತ ಕರೀತಾನೇ ಇದ್ದ. ಜಗಳೂರಿನಿಂದ ಫೈರ್ ಎಂಜಿನ್‌ನವರು ಬಂದು ಎತ್ತುವಾಗ ಚಿಕ್ಕಪ್ಪನಲ್ಲಿ ಜೀವ ಇರಲಿಲ್ಲ. ಅಪ್ಪನನ್ನು ತೋರಿಸಿ, ಇವರೂ ಇಳಿದಿದ್ದರೆ ಎರಡು ಹೆಣ ಎತ್ತಬೇಕಿತ್ತು ಅಂತ ಅವರಲ್ಲೊಬ್ಬರು ಹೇಳಿದರು. ಆ ಮಾತು ನನ್ನ ಬಿಟ್ಟರೆ ಯಾರ ಕಿವಿಗೂ ಬೀಳಲಿಲ್ಲ.

ಚಿಕ್ಕಮ್ಮ ನನ್ನ ಕೈಯಿಂದ ನೀರು ಕುಡಿಯಲ್ಲ. ಭಾವ ಇಳಿದಿದ್ರೆ ನನ್ನ ಗಂಡ ಉಳೀತಿದ್ದ, ಈ ಹುಡುಗಿ ಬಿಡಲಿಲ್ಲ ಅಂತ ಬಂದವರಿಗೆಲ್ಲ ಹೇಳ್ತಾಳೆ. ಓದಿಸಿದ್ದಕ್ಕೆ ಹಿಂಗಾತು ಅಂತಾನೆ ತಾತ. ಅವ್ವ ಮಾತ್ರ ನನ್ನ ಪಕ್ಕ ಮಲಗಿಕೊಳ್ತಾಳೆ.

ಅಪ್ಪ ಉಸಿರು ಬಿಗಿಹಿಡಿದು ಇಳಿದಿದ್ದರೆ ಚಿಕ್ಕಪ್ಪನನ್ನು ಎತ್ತಬಹುದಿತ್ತಾ? ವಿಜ್ಞಾನದ ಪುಸ್ತಕ ಪೂರ್ತಿ ಹುಡುಕಿದೆ, ಅದರಲ್ಲಿಲ್ಲ. ಸಮಾಧಾನಕ್ಕೆ ಬರೀಬೇಡಿ, ನಿಜ ಬರೀರಿ. ನ್ಯಾಮತಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದ್ದರೆ ಅದನ್ನೂ ತಿಳಿಸಿ. ಅವ್ವ ಕೇಳು ಅಂದಳು.

ಇಂತಿ, ನೀವು ಅಕ್ಷರ ತಿದ್ದಿಸಿದ ಹುಡುಗಿ,
ಉಚ್ಚಂಗಮ್ಮ

ವಿ.ಸೂ.: ಅಪ್ಪ ಮನೇಲಿಲ್ಲ ಟೀಚರ್. ತ್ಯಾವಣಿಗೆ ಕಡೆ ರೈಸ್ ಮಿಲ್ಲಿಗೆ ಕೂಲಿಗೆ ಹೋದ, ದೀಪಾವಳಿಗೂ ಬರಲಿಲ್ಲ. ಹೋಗುವಾಗ, "ನೀನು ಮಾಡಿದ್ದು ಸರಿ ಐತೆ ಮಗಳೇ. ಆದ್ರೆ ನಿನ್ನ ಮುಖ ನೋಡಿದ್ರೆ ಅವನು ಕೆಳಗೆ ಬಿದ್ದಿದ್ದೇ ಕಾಣ್ತೈತೆ" ಅಂದ. ಮಿಲ್ಲಿನ ವಿಳಾಸ ಹಿಂದೆ ಬರೆದಿದ್ದೇನೆ. ಉಸಿರು ಹಿಡಿದು ಇಳಿಯುವ ಪ್ರಶ್ನೆಗೆ ನಿಮ್ಮ ಉತ್ತರವನ್ನು ನನಗೆ ಕಳಿಸಬೇಡಿ, ಅಲ್ಲಿಗೆ ಕಳಿಸಿ. ಅಪ್ಪನಿಗೆ ಕೂಡಿಸಿ ಓದಲು ಬರುತ್ತದೆ, ಅಕ್ಷರ ದೊಡ್ಡದಾಗಿರಲಿ.