ಬೇಲಿಯ ಈಚೆಗೆ ಕಲ್ಲಿಲ್ಲ

ಕಲ್ಲು ಓದಿ ಡಾಕ್ಟರಾದ ನನ್ನ ಅಕ್ಕನ ಮಗಳಿಗೆ,

ನೆಲಕ್ಕೆ ಅಂಗಾಲು ತಾಗಿಸಿ, ನೂರು ಅಡಿ ಕೆಳಗೇನಿದೆಯೆಂದು ಹೇಳಬಲ್ಲ ಗಂಡಸು ಏಳು ಸೀಮೆಗೆ ನಿನ್ನ ಮಾವನೊಬ್ಬನೇ. ಅಂಥವನನ್ನೇ ನೀನು ಹಳ್ಳಕ್ಕೆ ತಳ್ಳಿದೆ!

ನಮ್ಮ ಮನೆಯ ಮಂಚದ ಮೇಲೆ ಹೊದಿಕೆಗಳನ್ನು ಒಂದರ ಮೇಲೊಂದು ಪೇರಿಸಿ ತೋರಿಸಿದವಳು ನೀನೇ ತಾನೆ? ಇಲ್ಲಿ ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರವಿತ್ತು, ಅದರ ತಳದಲ್ಲಿ ಕೆಸರು ಪದರಪದರವಾಗಿ ಕೂತು ಕಲ್ಲಾಯಿತು, ಆ ಪದರ ಮೈಲಿಗಟ್ಟಲೆ ಹಾಸಿದೆ ಅಂದೆ. ಅದನ್ನು ನಂಬಿ ನಾನು ಚಪ್ಪಡಿ ಗಣಿಯ ಪಕ್ಕದ ಜಾಗ ಕೊಂಡೆ. ಬೇಲಿಯ ಆಚೆ ಹತ್ತೇ ಅಡಿಗೆ ಕನ್ನಡಿಯಂಥ ಕಲ್ಲು. ಈಚೆ ಇನ್ನೂರು ಅಡಿ ಕೊರೆದರೂ ಬರೀ ಜೇಡಿಮಣ್ಣು!

ಕೊರೆಯುವವನು ನಕ್ಕುಬಿಟ್ಟ. "ಯಜಮಾನ್ರೇ, ಬೇಲಿ ಕೆಳಗೇ ಭೂಮಿ ಸೀಳಿದೆ. ಈ ಕಡೆ ಪೂರ್ತಿ ಕುಸಿದು, ಮೇಲೆ ಮಣ್ಣು ತುಂಬ್ಕೊಂಡಿದೆ. ನಿಮ್ ಕಲ್ಲು ಪಾತಾಳದಲ್ಲಿದೆ, ಹೋಗಿ ತಗೊಂಡ್ ಬನ್ನಿ."

ಭೂಮಿ ಸೀಳುತ್ತದೆಂದು ಯಾಕೆ ಬಾಯಿ ಬಿಡಲಿಲ್ಲ? "ಮಾವಾ, ಕೂತ್ಕೋ, ಇನ್ನೂ ಅರ್ಧ ಇದೆ" ಅಂದೆ, ನಿಜ. ನಾನು ಜಂಭ ಕೊಚ್ಚಲು ಬೀದಿಗೆ ಓಡಿದ್ದೂ ನಿಜ. ಅಂಗಿ ಹಿಡಿದು ಜಗ್ಗಿ ಕೂರಿಸಲು ನಿನಗೇನು ಕೈ ಸೇದಿಹೋಗಿತ್ತೇ?

ಭಾನುವಾರ ಬಾ. ಆ ಉಳಿದರ್ಧವನ್ನು ನಿನ್ನ ಅತ್ತೆಗೆ ಬಿಡಿಸಿ ಹೇಳು. ಆಮೇಲೆ ನನ್ನ ಪಕ್ಕದಲ್ಲಿ ಕೂತಿರು, ಹೋದ ದುಡ್ಡಿನ ಮಾತು ನಾನೇ ಆಡುತ್ತೇನೆ. ಎರಡು ಲಕ್ಷ ಎಂದು ಅವಳಿಗೆ ಹೇಳಿದ್ದೇನೆ. ಹೋದದ್ದು ಹನ್ನೊಂದು ಲಕ್ಷ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಅವಳು ಕೂಡಿಟ್ಟದ್ದು ಅಷ್ಟೂ.

ಇಂತಿ,
ನಿನ್ನ ಮಾವ